ಮಂಜು ಹಾಕಿಕೊಟ್ಟ ಭಾಯಿ

ಭಾಯಿಯ ಎಡಗೈಯಲ್ಲಿ, ಮಣಿಕಟ್ಟಿನಿಂದ ಮೊಣಕೈವರೆಗೆ, ಒಂದು ರಕ್ತನಾಳ ಹೆಬ್ಬೆರಳಿನ ಗಾತ್ರಕ್ಕೆ ಉಬ್ಬಿ ಅಂಕುಡೊಂಕಾಗಿ ಎದ್ದು ನಿಂತಿತ್ತು. ಅದರ ಮೇಲೆ ಸೂಜಿ ಚುಚ್ಚಿದ ಕಪ್ಪು ಚುಕ್ಕೆಗಳು. ಡಯಾಲಿಸಿಸ್‌ಗೆ ಬೇಕೆಂದು ಡಾಕ್ಟರು ಒಳಗೆ ಎರಡು ನಾಳಗಳನ್ನು ಕೂಡಿಸಿ ಹೊಲಿದಿದ್ದರು. ಬೆರಳಿಟ್ಟರೆ ಚರ್ಮದ ಕೆಳಗೆ ಸಣ್ಣಗೆ, ಬಿಡದೆ ಅದುರುತ್ತಿತ್ತು. ಅಂಗಡಿಗೆ ಬಂದ ಹೊಸಬರು ಅದನ್ನು ಕಂಡೂ ಕಾಣದವರ ಹಾಗೆ ಗೋಡೆ ನೋಡಿದರೆ ಭಾಯಿ ಬಿಡುತ್ತಿರಲಿಲ್ಲ. ಕೈ ಮುಂದೆ ಚಾಚಿ, “ಮುಟ್ಟಿ ನೋಡಿ ಮಾರಾಯ್ರೆ, ಕಚ್ಚಲ್ಲ. ಇಂಜಿನ್ ಐಡ್ಲಿಂಗ್‌ನಲ್ಲಿ ಐತೆ ಅಷ್ಟೆ,” ಎನ್ನುತ್ತಿದ್ದರು. ನಾನು ಮೊದಲ ಸಲ ಮುಟ್ಟಿದಾಗ ಕೈ ಹಿಂದಕ್ಕೆ ಎಳೆದುಕೊಂಡೆ. ಹದಿನೆಂಟು ವರ್ಷ ಲಾರಿಯ ಗೇರು ಹಿಡಿದವನಿಗೆ ಆ ಅದುರು ಚೆನ್ನಾಗಿ ಗೊತ್ತು.

ಸಕಲೇಶಪುರದ ಬಸ್ ಸ್ಟ್ಯಾಂಡಿನ ಹಿಂದಿನ ಇಳಿಜಾರಿನಲ್ಲಿ ಅವರ ಅಂಗಡಿ. ಅವರ ತಂದೆ ಅಲ್ಲಿ ಲಾರಿಗಳಿಗೆ ಟಾರ್ಪಾಲು ಹೊಲಿಯುತ್ತಿದ್ದರಂತೆ. ಮಗ ಅದೇ ಮಳಿಗೆಯಲ್ಲಿ ಕಂಪ್ಯೂಟರ್ ರಿಪೇರಿಗೆ ಕುಳಿತರು. ಹೊಸದನ್ನು ಮಾರುತ್ತಿರಲಿಲ್ಲ. “ಹೊಸದು ಬೇಕಾದ್ರೆ ಹಾಸನಕ್ಕೆ ಹೋಗಿ. ಸಾಯಕ್ಕೆ ಬಂದಿರೋದು ಇದ್ರೆ ಇಲ್ಲಿಗೆ ತನ್ನಿ,” ಎನ್ನುವುದು ಅವರ ವ್ಯಾಪಾರದ ಮಾತು. ಬರುತ್ತಿದ್ದವೂ ಅಂಥವೇ. ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳ ಓಬೀರಾಯನ ಕಾಲದ ಡಬ್ಬಗಳು, ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿದ ಬೋರ್ಡುಗಳು, ಒಳಗೆ ಇರುವೆ ಮೊಟ್ಟೆಯಿಟ್ಟಿದ್ದ ಒಂದು ಪ್ರಿಂಟರ್. ಭಾಯಿ ಎಲ್ಲವನ್ನೂ ಬಲಗೈಯಲ್ಲೇ ಎತ್ತಿ ಇಳಿಸುತ್ತಿದ್ದರು. ಎಡಗೈಗೆ ಭಾರ ಬೀಳಬಾರದು, ವಾಚು ಕೂಡ ಕಟ್ಟಬಾರದು.

ಕಾಲೇಜು ಹುಡುಗರು ಬರುತ್ತಿದ್ದುದು ಬೇರೆ ಕಾರಣಕ್ಕೆ. ಅವರ ಹತ್ತಿರ ಇದ್ದದ್ದು ಅಣ್ಣನೋ ಮಾವನೋ ಬಳಸಿ ಬಿಟ್ಟ ಲ್ಯಾಪ್‌ಟಾಪು, ಆಡಬೇಕೆಂದಿದ್ದದ್ದು ನಿನ್ನೆ ಮೊನ್ನೆ ಬಂದ ಕಂಪ್ಯೂಟರ್ ಆಟ. ಹಾಕಿದರೆ ಪರದೆ ಹೆಜ್ಜೆಗೊಮ್ಮೆ ನಿಂತು ನಿಂತು ಹೋಗುತ್ತದೆ. ಭಾಯಿ ಅದನ್ನು ಓಡುವಂತೆ ಮಾಡುತ್ತಿದ್ದರು. ಒಳಗೆ ಒಂದು ಸ್ಕ್ರೂ ಬದಲಿಸದೆ, ಆಟದ ಸೆಟ್ಟಿಂಗುಗಳಿಗೆ ಕೈ ಹಾಕಿ, ನೆರಳು ತೆಗೆದು, ಹುಲ್ಲು ತೆಗೆದು, ದೂರದ ಗುಡ್ಡ ತೆಗೆದು, ಬಡ ಯಂತ್ರದ ಹೊರೆ ಇಳಿಸುತ್ತಿದ್ದರು. ಅದಕ್ಕೊಂದು ಕ್ರಮವಿತ್ತು. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಆಟದಲ್ಲಿ ಅದೇ ಜಾಗದಲ್ಲಿ ಅದೇ ನಾಲ್ಕು ಹೆಜ್ಜೆ ಹೋಗಿ ನೋಡುವುದು, ಆಮೇಲೆ ಇನ್ನೊಂದು. ಎಷ್ಟೇ ಜನ ಕಾಯುತ್ತಿರಲಿ, ಎರಡನ್ನು ಒಟ್ಟಿಗೆ ಮುಟ್ಟುತ್ತಿರಲಿಲ್ಲ. “ಎರಡು ಒಟ್ಟಿಗೆ ಮಾಡಿದ್ರೆ ಯಾವುದರಿಂದ ಸರಿ ಹೋಯ್ತು, ಯಾವುದರಿಂದ ಕೆಡ್ತು ಅಂತ ಗೊತ್ತಾಗಲ್ಲ ಕಣ್ರೀ.” ಶುರುವಿಗೆ ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದರು: “ನಿಮಗೆ ಏನು ಕಾಣಬೇಕು? ಅದು ಮೊದಲು ಹೇಳಿ. ಮಿಕ್ಕಿದ್ದನ್ನ ನಾನು ತೆಗಿತೀನಿ.”

ಅವರ ಮೇಜಿನ ಮೇಲೆ ಒಂದು ಚಿಕ್ಕ ನೀರಿನ ಬಾಟಲಿ ಇರುತ್ತಿತ್ತು. ಇಡೀ ದಿನಕ್ಕೆ ಅಷ್ಟೇ. ಕಿಡ್ನಿ ಕೆಲಸ ನಿಲ್ಲಿಸಿದವರು ನೀರನ್ನು ಲೆಕ್ಕ ಹಾಕಿಯೇ ಕುಡಿಯಬೇಕು, ಹೆಚ್ಚಾದದ್ದು ಹೊರಗೆ ಹೋಗುವುದಿಲ್ಲ, ಕಾಲಿಗೆ, ಶ್ವಾಸಕೋಶಕ್ಕೆ ಇಳಿಯುತ್ತದೆ. ಭಾಯಿ ಬಾಟಲಿಯ ಮುಚ್ಚಳದಲ್ಲಿ ಸುರಿದುಕೊಂಡು ನಾಲಗೆ ಒದ್ದೆ ಮಾಡಿಕೊಳ್ಳುತ್ತಿದ್ದರು. ಬಂದವರಿಗೆಲ್ಲ ಎದುರು ಹೋಟೆಲಿನಿಂದ ಚಹಾ ತರಿಸಿ, ನಾವು ಕುಡಿಯುವುದನ್ನು ಆಸೆಯಿಂದ ನೋಡುತ್ತಿದ್ದರು. “ಸಕ್ಕರೆ ಸರಿ ಐತಾ? ಶುಂಠಿ ಹಾಕವ್ನಾ?” ಎಂದು ವಿಚಾರಿಸುತ್ತಿದ್ದರು. ನಾನು ಅರ್ಧ ಲೋಟ ಹಾಗೇ ಬಿಡುತ್ತಿದ್ದೆ. ಅದಕ್ಕೂ ಬೈಸಿಕೊಂಡಿದ್ದೇನೆ.

ನನ್ನ ವಿಷಯ ಹೇಳಬೇಕು. ಒಂದೇ ಸಲ ಹೇಳುತ್ತೇನೆ. ನಾನು ಶಿರಾಡಿ ಘಾಟಿಯ ಲಾರಿ ಡ್ರೈವರ್. ಒಂದು ಬೆಳಿಗ್ಗೆ ಏಳು ಗಂಟೆಗೆ, ಮಂಗಳೂರಿನಿಂದ ಹೆಂಚು ಹೇರಿಕೊಂಡು ಘಾಟಿ ಹತ್ತಿ ಮಾರನಹಳ್ಳಿ ಹತ್ತಿರ ಬಂದಿದ್ದೆ. ಮಂಜು. ಕೆಟ್ಟು ನಿಂತ ಬೈಕನ್ನು ತಳ್ಳಿಕೊಂಡು ಒಬ್ಬ ಮನುಷ್ಯ ರಸ್ತೆಯ ನಡುವೆ ಇದ್ದ. ದೀಪ ಇರಲಿಲ್ಲ. ಕಂಡ ಕೂಡಲೇ ಬ್ರೇಕು ಒತ್ತಿದೆ, ಸ್ಟೀರಿಂಗ್ ತಿರುಗಿಸಿದೆ. ತುಂಬಿದ ಲಾರಿ ನನ್ನ ಕೈ ತಿರುಗಿದ ಮೇಲೆ ಸ್ವಲ್ಪ ತಡೆದು ತಿರುಗಿತು. ಆ ಸ್ವಲ್ಪದಲ್ಲಿ ಅವನು ಹೋದ. ಯಸಳೂರು ಕಡೆಯವನು, ನನಗಿಂತ ಎರಡು ವರ್ಷ ಚಿಕ್ಕವನು. ಕೇಸು ನಾಲ್ಕು ವರ್ಷ ನಡೆದು, ನನ್ನದು ತಪ್ಪಿಲ್ಲವೆಂದು ಕೋರ್ಟು ಹೇಳಿತು, ಲೈಸೆನ್ಸ್ ಕೈಗೆ ಬಂತು. ಆದರೆ ಯಾವ ಗಾಡಿಯ ಸ್ಟೀರಿಂಗ್ ಹಿಡಿದರೂ ಅಂಗೈ ನೀರಾಗುತ್ತಿತ್ತು, ಬಲಗಾಲು ಬ್ರೇಕಿನ ಮೇಲೆ ಕಲ್ಲಾಗುತ್ತಿತ್ತು. ಮನೆಯವಳ ಸ್ಕೂಟಿ ಕೂಡ ಮುಟ್ಟದವನಾದೆ. ಒಂದು ಕಾಫಿ ಸ್ಟೋರಿನಲ್ಲಿ, ಲಾರಿ ತೂಗುವ ವೇಬ್ರಿಡ್ಜಿನ ಹತ್ತಿರ, ಚೀಟಿ ಬರೆಯುವ ಕೆಲಸ ಸಿಕ್ಕಿತು. ಬೇರೆಯವರ ಲಾರಿ ಹತ್ತುವುದನ್ನು, ಇಳಿಯುವುದನ್ನು ಕಿಟಕಿಯಿಂದ ನೋಡುವ ಕೆಲಸ. ಚೀಟಿ ಬರೆದೂ ಬರೆದೂ ಅಕ್ಷರ ಮಾತ್ರ ದುಂಡಗಾಯಿತು.

ಆ ತೂಕದ ಮನೆಯ ಕಂಪ್ಯೂಟರ್ ಕೆಟ್ಟಾಗ ಭಾಯಿ ಬಂದರು. ಮೇಜಿನ ಕೆಳಗೆ ಕುಳಿತು ವೈರು ಬಿಡಿಸುತ್ತಿದ್ದವರು ಅಲ್ಲಿಂದಲೇ ಕೇಳಿದರು:

“ನೀವು ಮೊದಲು ಡ್ರೈವರಾ?”

“ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ. ಹೊರಗೆ ಲಾರಿ ರಿವರ್ಸ್ ಬಂದಾಗೆಲ್ಲ ನಿಮ್ಮ ಬಲಗಾಲು ನೆಲ ಒತ್ತುತಾ ಐತೆ. ಬ್ರೇಕ್ ಹುಡುಕ್ತಾ ಐತೆ.”

ನನಗೆ ಸಿಟ್ಟು ಬಂತು. ಕಂಪ್ಯೂಟರ್ ನೋಡಲು ಬಂದವರಿಗೆ ನನ್ನ ಕಾಲಿನ ಉಸಾಬರಿ ಯಾಕೆ ಎಂದು ಕೇಳಿಯೇಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳದೆ ಮೇಲೆದ್ದು, ನೆಟ್ಟಗೆ ನಿಲ್ಲಲು ಸ್ವಲ್ಪ ಹೊತ್ತು ತೆಗೆದುಕೊಂಡು, ಏದುಸಿರು ಬಿಡುತ್ತ ನನ್ನ ಎದುರಿನ ಸ್ಟೂಲಿನಲ್ಲಿ ಕುಳಿತರು. ಆಮೇಲೆ ಹೇಗೆ ಹೇಳಿದೆನೋ ಗೊತ್ತಿಲ್ಲ, ಮನೆಯವಳಿಗೂ ಪೂರ್ತಿ ಹೇಳದ ಆ ಬೆಳಗಿನ ಕತೆಯನ್ನು ಅವರಿಗೆ ಹೇಳಿದೆ. ಅವರು ಅಯ್ಯೋ ಪಾಪ ಅನ್ನಲಿಲ್ಲ. “ಕೈ ತಿರುಗಿದ ಮೇಲೆ ಗಾಡಿ ತಿರುಗೋಕೆ ಎಷ್ಟು ಹೊತ್ತು ಹಿಡಿತು?” ಎಂದಷ್ಟೇ ಕೇಳಿದರು.

ಮೂರು ವಾರ ಕಳೆದು ಮನೆಗೆ ಒಂದು ಡಬ್ಬ ಹೊರಿಸಿಕೊಂಡು ಬಂದರು. ಮುಚ್ಚಿಹೋದ ಟೈಪಿಂಗ್ ಶಾಲೆಯೊಂದರ ಕಂಪ್ಯೂಟರ್, ಇನ್ನೆಲ್ಲಿಯದೋ ಪರದೆ, ಒಬ್ಬ ಎಸ್ಟೇಟ್ ಮಾಲೀಕರ ಮನೆಯ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಪ್ಲಾಸ್ಟಿಕ್ ಸ್ಟೀರಿಂಗು, ಎರಡು ಪೆಡಲು. ಒಳಗೆ ಒಂದು ಲಾರಿ ಓಡಿಸುವ ಆಟ. ನಲವತ್ತೈದು ವರ್ಷದ ಗಂಡಸಿಗೆ ಆಟದ ಸಾಮಾನು ತಂದುಕೊಟ್ಟರಲ್ಲ ಎಂದು ನನಗೆ ನಾಚಿಕೆಯಾಯಿತು. ಆದರೂ ಕುಳಿತೆ. ಕುಳಿತವನು ಸ್ಟೀರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಹದಿನೆಂಟು ವರ್ಷ ದಿನಾ ಬೆಳಿಗ್ಗೆ ಮಾಡಿದ್ದು, ಕೈ ತಾನಾಗಿ ಮಾಡಿತು. ಮನೆಯವಳು ಬಾಯಿಗೆ ಸೆರಗು ಒತ್ತಿಕೊಂಡಳು. ಭಾಯಿ ನಗಲಿಲ್ಲ.

ಮೊದಲ ದಿನ ಎಲ್ಲ ಎಡವಟ್ಟು. ಆ ಡಬ್ಬಕ್ಕೆ ಅಂಥ ಆಟ ಓಡಿಸುವ ತಾಕತ್ತಿರಲಿಲ್ಲ. ಪರದೆಯ ಮೂಲೆಯಲ್ಲಿ ಒಂದು ಅಂಕಿ ಕಾಣುತ್ತಿತ್ತು. ಒಂದು ಸೆಕೆಂಡಿಗೆ ಯಂತ್ರ ಎಷ್ಟು ಸಲ ಚಿತ್ರ ಬರೆಯುತ್ತದೆ ಎಂಬ ಲೆಕ್ಕ ಅದು, ಮೂವತ್ತಾದರೂ ಇದ್ದರೆ ರಸ್ತೆ ರಸ್ತೆಯಂತೆ ಓಡುತ್ತದೆ ಎಂದರು ಭಾಯಿ. ನಮ್ಮದರಲ್ಲಿ ಒಂಬತ್ತು ಇತ್ತು. ನಾನು ಸ್ಟೀರಿಂಗ್ ತಿರುಗಿಸಿದರೆ ಪರದೆ ಒಂದು ಕ್ಷಣ ನಿಂತು, ಆಮೇಲೆ ಲಾರಿ ದಡಕ್ಕನೆ ತಿರುಗುತ್ತಿತ್ತು. ಕೈ ಆದ ಮೇಲೆ ಗಾಡಿ. ನನ್ನ ಅಂಗೈ ಬೆವರಿತು. ಎದ್ದು ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡೆ. ತಿರುಗಿ ಬಂದಾಗ ಭಾಯಿ ಪರದೆಯ ಮುಂದೆ ಕುಳಿತು ಆ ಅಂಕಿಯನ್ನೇ ದುರುಗುಟ್ಟಿ ನೋಡುತ್ತಿದ್ದರು. “ಈ ತಡೆ ಹೋಗ್ಬೇಕು. ಇದು ಹೋದ್ರೆ ನಿಮ್ಮ ಕೈ ಬರುತ್ತೆ. ನಿಮಗೆ ಏನು ಕಾಣಬೇಕು ಹೇಳಿ,” ಎಂದರು.

“ರಸ್ತೆ. ಎದುರು ಬರೋ ಗಾಡಿ. ಎರಡೂ ಕನ್ನಡಿ.”

“ಕನ್ನಡಿ ಬೇಡ ಮಾರಾಯ್ರೆ. ಎಲ್ಲರೂ ಮೊದಲು ತೆಗೆಯೋದೇ ಕನ್ನಡಿ. ಒಂದೊಂದು ಕನ್ನಡಿಗೂ ಈ ಡಬ್ಬ ಹಿಂದಿನ ರೋಡೆಲ್ಲ ಇನ್ನೊಂದು ಸಲ ಬರೀಬೇಕು. ಸತ್ತೋಗುತ್ತೆ.”

“ಕನ್ನಡಿ ಇಲ್ಲದ ಗಾಡಿ ನಾನು ಮುಟ್ಟಲ್ಲ.”

ಭಾಯಿ ನನ್ನ ಮುಖ ನೋಡಿದರು. ಆಟಕ್ಕೆ ಬಂದ ಯಾವನೂ ಅವರಿಗೆ ಹಾಗೆ ಹೇಳಿರಲಿಲ್ಲವಂತೆ. ಕನ್ನಡಿ ಉಳಿಸಿ ಮಿಕ್ಕಿದ್ದಕ್ಕೆ ಕತ್ತರಿ ಹಾಕಿದರು. ವಾರಕ್ಕೆ ಎರಡು ಸಂಜೆ ಬರುತ್ತಿದ್ದರು. ಒಂದು ಸಂಜೆ ನೆರಳು ಹೋಯಿತು. ಇನ್ನೊಂದು ಸಂಜೆ ಹುಲ್ಲು. ಆಮೇಲೆ ರಸ್ತೆಬದಿಯ ಮರಗಳು ಬೋಳಾದವು, ಮನೆಗಳ ಕಿಟಕಿ ಅಳಿಸಿ ಹೋಯಿತು, ಆಕಾಶದ ಮೋಡ ಹೋಗಿ ಸುಣ್ಣ ಬಳಿದಂತಾಯಿತು. ಅಕ್ಷರಗಳು ಮಸಕಾಗಿ ಊರಿನ ಬೋರ್ಡು ಓದಲು ಬಾರದಂತಾಯಿತು. ಅಂಕಿ ಹನ್ನೊಂದಾಯಿತು, ಹದಿನಾಲ್ಕಾಯಿತು, ಒಂದು ಸಲ ಹಿಂದಕ್ಕೂ ಬಂತು. ಆಟದ ದೇಶಗಳಲ್ಲಿ ಎಡಗಡೆ ಓಡಿಸುವ ದೇಶ ಯಾವುದೆಂದು ಹುಡುಕಿ ನನ್ನನ್ನು ಅಲ್ಲಿಗೆ ಇಳಿಸಿದರು. ನಾನು ತಿರುವು ತಿರುವಿಗೆ ಹಾರನ್ ಹೊಡೆಯುತ್ತಿದ್ದೆ. “ಅಲ್ಲಿ ಯಾರೂ ಹೊಡೆಯಲ್ಲ ಕಣ್ರೀ, ಅವರಿಗೆ ಕೇಳೋದೂ ಇಲ್ಲ,” ಎಂದು ನಗುತ್ತಿದ್ದರು. ಘಾಟಿಯವನು ಹಾರನ್ ಬಿಟ್ಟರೆ ಉಸಿರು ಬಿಟ್ಟ ಹಾಗೆ ಎಂದೆ.

ಮೂವತ್ತು ಮುಟ್ಟಿದ ಸಂಜೆ ನಾನು ನಲವತ್ತು ನಿಮಿಷ ಎದ್ದೇಳದೆ ಓಡಿಸಿದೆ. ಕೈಯೂ ಗಾಡಿಯೂ ಒಟ್ಟಿಗೆ ತಿರುಗುತ್ತಿದ್ದವು. ಅಂಗೈ ಒಣಗಿತ್ತು. ಕಣ್ಣಲ್ಲಿ ನೀರು ಬಂದದ್ದನ್ನು ಭಾಯಿ ನೋಡದಿರಲಿ ಎಂದು ಪರದೆಗೇ ಮುಖ ಹಾಕಿಕೊಂಡಿದ್ದೆ. ಅವರು ಹಿಂದೆ ಕುರ್ಚಿಯಲ್ಲಿ ನಿದ್ದೆ ಹೋಗಿದ್ದರು. ಅವತ್ತು ಬೆಳಿಗ್ಗೆಯಿಂದ ಹಾಸನದಲ್ಲಿ ನಾಲ್ಕು ಗಂಟೆ ಯಂತ್ರಕ್ಕೆ ಕೈ ಕೊಟ್ಟು, ಬಸ್ಸಿನಲ್ಲಿ ಬಂದು, ನೇರ ನನ್ನ ಮನೆಗೆ ಬಂದಿದ್ದರು. ಸೋಮವಾರ, ಗುರುವಾರ ಅವರ ಡಯಾಲಿಸಿಸ್. ಮೊದಲ ಬಸ್ಸಿಗೆ ಹೋಗಿ ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದರು. ಅಂಗಡಿಯ ಹಿಂದೆ ಅವರ ತಂದೆಯ ಕಾಲದ ಒಂದು ವ್ಯಾನಿತ್ತು, ಅವರಿಗೆ ಓಡಿಸಲು ಬರುತ್ತಿರಲಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಪ್ಲಾಸ್ಟಿಕ್ ಸ್ಟೀರಿಂಗ್ ಹಿಡಿದು ಯಾವುದೋ ದೇಶದಲ್ಲಿ ಲಾರಿ ಓಡಿಸಿಕೊಂಡಿದ್ದೆ.

ಮಂಜು ಬೇಕೆಂದು ಕೇಳಿದವನು ನಾನೇ. ಬಿಸಿಲಿನಲ್ಲಿ ಎಷ್ಟು ಓಡಿಸಿದರೂ ನನ್ನ ರೋಗ ಇದ್ದ ಜಾಗ ಅದಲ್ಲ ಎಂದು ನನಗೆ ಅನಿಸಿತ್ತು. ಭಾಯಿ ತಲೆ ಕೆರೆದುಕೊಂಡರು. ಹಳೆಯ ಆಟಗಳಲ್ಲಿ ಮಂಜು ಹಾಕುತ್ತಿದ್ದುದೇ ದೂರದ್ದನ್ನು ಬರೆಯುವ ಕೆಲಸ ತಪ್ಪಿಸಲಿಕ್ಕಂತೆ, ಅದು ಹಗುರ. ಈ ಆಟದ್ದು ಹಾಗಲ್ಲ, ಬೆಳಕು ಒಳಗೆ ನುಗ್ಗುವ ಮಂಜು, ಬಲು ಭಾರ. ಹಗುರದ್ದನ್ನು ಹೇಗೋ ಹಾಕಿ ತೋರಿಸಿದರು. ಬಿಳಿ ಪಂಚೆ ಒಣಗಹಾಕಿದಂತಿತ್ತು. “ಇದು ಮಂಜಲ್ಲ ಭಾಯಿ,” ಎಂದೆ. “ಘಾಟಿ ಮಂಜು ಎದುರಿಗೆ ನಿಲ್ಲಲ್ಲ. ಎಡಗಡೆ ಕಣಿವೆಯಿಂದ ಏಳುತ್ತೆ, ರಸ್ತೆ ದಾಟುತ್ತೆ. ನಡುನಡುವೆ ಬಿಡುತ್ತೆ. ಬಿಟ್ಟಾಗ ಎಲ್ಲ ಕಂಡ ಹಾಗಾಗಿ ಕಾಲು ಆಕ್ಸಿಲರೇಟರ್ ಮೇಲೆ ಹೋಗುತ್ತೆ. ಅಲ್ಲೇ ಮೋಸ.” ಭಾಯಿ ಗಲ್ಲಕ್ಕೆ ಕೈಯಿಟ್ಟು ಕೇಳಿದರು. ಹುಟ್ಟಿದಾಗಿನಿಂದ ಆ ಮಂಜಿನಲ್ಲೇ ಇದ್ದವರು, ಅದನ್ನು ಮೊದಲ ಸಲ ನೋಡಿದವರ ಹಾಗೆ ಕೇಳಿದರು.

ಎರಡು ತಿಂಗಳು ಹಿಡಿಯಿತು. ಮಂಜಿಗಾಗಿ ಎದುರು ಬರುವ ಗಾಡಿಗಳನ್ನು ಅರ್ಧ ಮಾಡಿದರು, ಮರಗಳನ್ನು ಪೂರ್ತಿ ತೆಗೆದರು, ಕೊನೆಗೆ ಪರದೆಯ ಚಿತ್ರವನ್ನೇ ಕುಗ್ಗಿಸಿ ನಡುವೆ ಪುಸ್ತಕದಷ್ಟು ಅಗಲಕ್ಕೆ ತಂದರು. ಸುತ್ತ ಕಪ್ಪು, ನಡುವೆ ಪುಟ್ಟ ರಸ್ತೆ, ಎರಡು ಕನ್ನಡಿ, ಕಣಿವೆಯಿಂದ ಏಳುವ ಮಂಜು. ಅಂಕಿ ಇಪ್ಪತ್ತೆಂಟು. “ಇಷ್ಟೇ ಕೊಡೋಕೆ ಇದರ ಕೈಲಿ ಆಗೋದು. ನನ್ನ ಹಾಗೇ ಇದೂ, ಅಳೆದು ಕೊಟ್ರೆ ಓಡುತ್ತೆ,” ಎಂದರು. ಆ ಮಂಜಿನಲ್ಲಿ ನಾನು ದಿನಾ ಸಂಜೆ ಓಡಿಸಿದೆ. ಮೊದಲು ನಿಂತು ನಿಂತು, ಆಮೇಲೆ ನಿಲ್ಲದೆ. ಭಾಯಿಗೆ ನನಗಿಂತ ಹೆಚ್ಚು ಖುಷಿ. “ಇನ್ನು ಒಂದು ದಿನ ನಮ್ಮ ವ್ಯಾನ್ ತಗೊಂಡು ನನ್ನ ಹಾಸನಕ್ಕೆ ಬಿಟ್ಬನ್ನಿ. ಬಸ್ಸಲ್ಲಿ ನಿಂತು ಬರೋಕೆ ಇನ್ಮೇಲೆ ಆಗಲ್ಲ,” ಎಂದರು. ನೋಡೋಣ ಎಂದೆ. ಎರಡು ಸಲ ಕೇಳಿದರು, ಎರಡು ಸಲವೂ ನೋಡೋಣ ಎಂದೆ. ಮೂರನೆಯ ಸಲ ಕೇಳಲಿಲ್ಲ.

ಆಷಾಢದ ಒಂದು ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಭಾಯಿಯ ಹೆಂಡತಿ ಫೋನ್ ಮಾಡಿದರು. ಅದುವರೆಗೆ ಅವರು ನನಗೆ ಫೋನ್ ಮಾಡಿದ್ದೇ ಇಲ್ಲ. ಮೂರು ದಿನದ ಮಳೆಗೆ ಹಾಸನದ ಹೆದ್ದಾರಿಯ ಮೇಲೆ ಮರಗಳು ಬಿದ್ದು ಬಸ್ಸು ಹೊರಟಿರಲಿಲ್ಲ. ಗುರುವಾರ ಭಾಯಿಯ ರಕ್ತದೊತ್ತಡ ಇಳಿದು ಡಯಾಲಿಸಿಸ್ ಅರ್ಧಕ್ಕೇ ನಿಲ್ಲಿಸಿದ್ದರು, ಮೈಯಲ್ಲಿ ನೀರು ಉಳಿದಿತ್ತು. “ರಾತ್ರಿಯಿಂದ ಮಲಗೋಕೆ ಆಗ್ತಿಲ್ಲ ಅಣ್ಣಾ, ಕೂತ್ಕೊಂಡೇ ಉಸಿರು ಎಳೀತಾವ್ರೆ. ಆಂಬುಲೆನ್ಸಿನವರೂ ಟ್ಯಾಕ್ಸಿಯವರೂ ಮಗ್ಗೆ ಕಡೆ ಸುತ್ತು ದಾರೀಲಿ ಬರಲ್ಲ ಅಂತಾವ್ರೆ. ಆ ದಾರಿ ನಿಮಗೆ ಗೊತ್ತಂತಲ್ಲ?” ಗೊತ್ತಿತ್ತು. ಮಗ್ಗೆ ಮೇಲಿಂದ ಆಲೂರಿಗೆ ಹೋಗುವ ಆ ಒಳದಾರಿಯ ಯಾವ ಮೋರಿ ಮಳೆಗೆ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂದು ಬಾಯಿಪಾಠ ಹೇಳುವಷ್ಟು ಗೊತ್ತಿತ್ತು.

ಹೋದೆ. ಭಾಯಿ ಆಗಲೇ ವ್ಯಾನಿನ ಮುಂದಿನ ಸೀಟಿನಲ್ಲಿ ಕುಳಿತಿದ್ದರು. ಮುಖ ಊದಿತ್ತು, ಪಾದಗಳು ಚಪ್ಪಲಿಯೊಳಗೆ ಹಿಡಿಸದೆ ಬರಿಗಾಲಲ್ಲಿದ್ದರು. ನನ್ನನ್ನು ಕಂಡು ಹೆಬ್ಬೆರಳು ಎತ್ತಿದರು, ಮಾತಾಡಲು ಉಸಿರಿರಲಿಲ್ಲ. ವ್ಯಾನ್ ಚಾಲೂ ಮಾಡಿದೆ. ಗೇರು ಬಿತ್ತು. ಪೇಟೆ ದಾಟುವವರೆಗೆ ಎಲ್ಲ ಸರಿಯಿತ್ತು, ನನಗೇ ಆಶ್ಚರ್ಯ. ಊರಾಚೆ ಎರಡನೇ ತಿರುವಿನ ಏರಿನಲ್ಲಿ ಎಡಗಡೆಯಿಂದ ಮಂಜು ಎದ್ದು ರಸ್ತೆ ದಾಟಿತು. ಕಾಲು ಬ್ರೇಕಿನ ಮೇಲೆ ಹೋಗಿ ಅಲ್ಲೇ ಕುಳಿತಿತು. ಕೈಯಿಂದ ನೀರು ಸುರಿಯಿತು. ಒಂದು ನಿಮಿಷ ಎಂದೆ. ಎರಡು ನಿಮಿಷ ಎಂದೆ. ಇಪ್ಪತ್ತು ನಿಮಿಷ ಆ ರಸ್ತೆಯ ಬದಿಗೆ ಇಂಜಿನ್ ಓಡುತ್ತ ನಿಂತಿದ್ದೆವು, ಪಕ್ಕದಲ್ಲಿ ಅವರು ಬಾಯಿ ತೆರೆದು ಉಸಿರೆಳೆಯುವ ಸದ್ದು ಕೇಳುತ್ತಿತ್ತು. ಅವರು ಕೊನೆಗೆ ನನ್ನ ಮೊಣಕೈ ಮುಟ್ಟಿ, “ವಾಪಸ್ ತಿರುಗಿಸಿ,” ಎಂದರು. ತಿರುಗಿಸುವುದೂ ನನ್ನಿಂದ ಆಗಲಿಲ್ಲ.

ಫೋನಿಗೆ ಸಿಗ್ನಲ್ ಸಿಗಲಿಲ್ಲ, ನಡೆದು ಬಂದೆವು. ಮುಕ್ಕಾಲು ಮೈಲಿ, ಮಳೆಯಲ್ಲಿ, ಒಂದು ಕೊಡೆ. ಹತ್ತು ಹೆಜ್ಜೆಗೊಮ್ಮೆ ಅವರು ನನ್ನ ಹೆಗಲು ಹಿಡಿದು ನಿಲ್ಲುತ್ತಿದ್ದರು. ನಾನು ಕ್ಷಮಿಸಿ ಅನ್ನಲು ಹೊರಟರೆ ಕೈಯಾಡಿಸಿ ತಡೆದರು. ಒಂದು ಕಡೆ ಮೈಲಿಗಲ್ಲಿನ ಮೇಲೆ ಕುಳಿತು, ಮಾತು ಮಾತಿಗೆ ಉಸಿರು ತೆಗೆದುಕೊಳ್ಳುತ್ತ ಹೇಳಿದರು: “ನನ್ನದೇ ತಪ್ಪು ಮಾರಾಯ್ರೆ. ಎರಡು ಒಟ್ಟಿಗೆ ಬದಲಾಯಿಸ್ಬುಟ್ಟೆ. ನಿಜವಾದ ಗಾಡೀನೂ... ನಿಜವಾದ ಮಂಜೂ.” ಮೈಯೊಳಗಿನ ನೀರಿನಲ್ಲೇ ಮುಳುಗುತ್ತಿದ್ದ ಮನುಷ್ಯ ಆಗಲೂ ಎಲ್ಲಿ ಕೆಟ್ಟಿತು ಎಂದು ಹುಡುಕುತ್ತಿದ್ದರು. ನನಗೆ ಅಲ್ಲೇ ಚರಂಡಿಗೆ ಬಿದ್ದು ಸಾಯೋಣ ಎನಿಸಿತು.

ಮರುದಿನ ಮರಗಳನ್ನು ತೆಗೆದು ಹೆದ್ದಾರಿ ಬಿಟ್ಟರು. ನಾವು ಬಿಟ್ಟು ಬಂದ ವ್ಯಾನನ್ನು ಗ್ಯಾರೇಜಿನವರು ಅಂಗಡಿಗೆ ತಂದು ನಿಲ್ಲಿಸಿದರು. ಭಾಯಿಯನ್ನು ಆಂಬುಲೆನ್ಸಿನಲ್ಲಿ ಕರೆದೊಯ್ದು ಎಂಟು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ನಾನು ನೋಡಲು ಹೋಗಲಿಲ್ಲ. ಹೋಗಲಿಕ್ಕೆ ಬಸ್ಸಿತ್ತು, ಸಮಯವಿತ್ತು, ಮುಖವಿರಲಿಲ್ಲ. ಅವರು ಮನೆಗೆ ಬಂದರೆಂದು ಕೇಳಿದ ಮೇಲೆ ಆ ಕಂಪ್ಯೂಟರ್, ಸ್ಟೀರಿಂಗು, ಪೆಡಲು ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ಆಟೋದಲ್ಲಿ ಅಂಗಡಿಗೆ ಒಯ್ದು ಇಳಿಸಿದೆ. ಭಾಯಿ ಅರ್ಧ ಆಗಿಹೋಗಿದ್ದರು, ಅಂಗಿಯ ಕಾಲರಿನೊಳಗೆ ಕತ್ತು ಅಲ್ಲಾಡುತ್ತಿತ್ತು. ಗೋಣಿಚೀಲ ನೋಡಿದರು. ಅವರು ಸಿಟ್ಟಾದದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ಇದು ಸಾಮಾನು ವಾಪಸ್ ತಗೊಳೋ ಅಂಗಡಿ ಅಲ್ಲ. ಎತ್ಕೊಂಡು ಹೋಗಿ.”

“ನನ್ನ ಕೈಲಿ ಆಗಲ್ಲ ಭಾಯಿ.”

“ಆಗಲ್ಲ ಅನ್ನೋದು ಯಾವ ಸೆಟ್ಟಿಂಗಲ್ಲಿ? ಅದು ಹೇಳಿ. ಬರೀ ಆಗಲ್ಲ ಅಂದ್ರೆ ನಾನೇನು ರಿಪೇರಿ ಮಾಡ್ಲಿ?”

ಹಳೆಯ ಬಿಲ್ಲಿನ ಹಿಂಬದಿಗೆ ಅವರೇ ಒಂದು ಪಟ್ಟಿ ಬರೆದು ವ್ಯಾನಿನೊಳಗೆ ಸ್ಟೀರಿಂಗಿನ ಮುಂದೆ ಅಂಟಿಸಿದರು. ಸುಮ್ಮನೆ ಕೂರುವುದು. ಇಂಜಿನ್ ಚಾಲೂ, ಜಾಗ ಬಿಡದೆ. ಅಂಗಡಿಯಿಂದ ಮಸೀದಿವರೆಗೆ. ಹೊಳೆ ಸೇತುವೆವರೆಗೆ. ಹಾಸನ ರಸ್ತೆಯ ಬಾಳ್ಳುಪೇಟೆ, ಬಿಸಿಲಲ್ಲಿ. ಬಾಳ್ಳುಪೇಟೆ, ಮಳೇಲಿ. ಬಾಳ್ಳುಪೇಟೆ, ಮಂಜಲ್ಲಿ. ಕೊನೆಗೆ ಹಾಸನ. ಒಂದು ಸಲಕ್ಕೆ ಒಂದೇ, ಹೊಸದಕ್ಕೆ ಹೋಗುವ ಮೊದಲು ಹಳೆಯದು ಮೂರು ಸಲ. ಡಯಾಲಿಸಿಸ್ ಇಲ್ಲದ ದಿನಗಳಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ಅವರು ನನ್ನ ಎಡಗಡೆ ಬಂದು ಕೂರುತ್ತಿದ್ದರು. ಕೈಯಲ್ಲಿ ಆ ಚಿಕ್ಕ ಬಾಟಲಿ. ಧೈರ್ಯದ ಮಾತು ಹೇಳುತ್ತಿರಲಿಲ್ಲ. ಸೇತುವೆಗೆ ಹೋಗಿ ಬರಲು ಹದಿನಾರು ದಿನ ಹಿಡಿಯಿತು. ನನ್ನ ತಾಳ್ಮೆ ಕೆಡುತ್ತಿತ್ತು, ಅವರದು ಕೆಡುತ್ತಿರಲಿಲ್ಲ. ಪಟ್ಟಿಯಲ್ಲಿ ಬೇಗ ಮುಂದಕ್ಕೆ ಹೋಗೋಣ ಭಾಯಿ ಎಂದರೆ, “ನನಗೆ ಅರ್ಜೆಂಟಿಲ್ಲ,” ಎನ್ನುತ್ತಿದ್ದರು. ಅರ್ಜೆಂಟಿತ್ತು. ಅವರಿಗೂ ಗೊತ್ತಿತ್ತು. ಸೋಮವಾರ, ಗುರುವಾರ ಅವರು ಬಸ್ಸಿಗೇ ಹೋಗುತ್ತಿದ್ದರು, ಕಂಡಕ್ಟರ್ ಮುಂದಿನ ಸೀಟು ಬಿಡಿಸಿಕೊಡುತ್ತಿದ್ದನಂತೆ.

ಬಾಳ್ಳುಪೇಟೆ ಮಳೆಯಲ್ಲಿ ಎರಡು ಸಲ ಆಗಿತ್ತು. ಮೂರನೆಯದು ಬಾಕಿ. ಒಂದು ಭಾನುವಾರ ಬೆಳಗಿನ ನಮಾಜು ಮುಗಿಸಿ ಗೋಡೆಗೊರಗಿ ಕುಳಿತವರು ಏಳಲಿಲ್ಲ. ಸುದ್ದಿ ಬಂದಾಗ ನಾನು ತೂಕದ ಮನೆಯಲ್ಲಿದ್ದೆ. ಸಂಜೆಯೊಳಗೆ ಮಣ್ಣಾಯಿತು. ಜನಾಜಾದ ಡೋಲಿಗೆ ಹೆಗಲು ಕೊಡಲು ನನ್ನನ್ನೂ ಕರೆದರು, ಕೊಟ್ಟೆ. ಹೃದಯ ಮೊದಲೇ ಸೋತಿತ್ತು, ಆಷಾಢದ ಆ ಒಂದು ದಿನದಿಂದ ಆದದ್ದಲ್ಲ ಎಂದು ಡಾಕ್ಟರು ಹೇಳಿದರಂತೆ. ಭಾಯಿಯ ಹೆಂಡತಿ ಅದನ್ನು ನನಗೆ ಎರಡೆರಡು ಸಲ ಹೇಳಿದರು. ಕೋರ್ಟೂ ಹಿಂದೆ ಹಾಗೆಯೇ ಹೇಳಿತ್ತು. ಹೇಳುವವರು ಹೇಳುತ್ತಾರೆ, ನಾನು ಆ ಇಪ್ಪತ್ತು ನಿಮಿಷ ಪಕ್ಕದಲ್ಲಿ ಕುಳಿತು ಅವರ ಉಸಿರು ಕೇಳಿದವನು.

ಮೂರು ದಿನ ಕಳೆದು ಅವರ ಹೆಂಡತಿ ವ್ಯಾನಿನ ಕೀಲಿ ನನ್ನ ಕೈಗೆ ಕೊಟ್ಟರು. “ನಿಂತ್ರೆ ಬ್ಯಾಟರಿ ಹೋಗುತ್ತೆ ಅಣ್ಣಾ. ಓಡಿಸ್ತಾ ಇರಿ. ಅವರೂ ಹಂಗೇ ಅಂದಿದ್ರು.” ಮಾರನೆಯ ದಿನ ಗುರುವಾರ. ಬೆಳಿಗ್ಗೆ ಮೊದಲ ಬಸ್ಸಿನ ಹೊತ್ತಿಗೆ ಎದ್ದು, ವ್ಯಾನ್ ಹೊರಗೆ ತೆಗೆದು, ಬಾಳ್ಳುಪೇಟೆ ಕಡೆ ತಿರುಗಿಸಿದೆ. ಹಾಸನಕ್ಕೆ ಹೋಗಬೇಕೆಂದು ಹೊರಟವನಲ್ಲ. ಬಾಳ್ಳುಪೇಟೆಯಲ್ಲಿ ಮಂಜಿತ್ತು. ಅಂಗೈ ಬೆವರಿತು, ಪ್ಯಾಂಟಿಗೆ ಒರೆಸಿಕೊಂಡೆ. ನಿಲ್ಲಿಸಲಿಲ್ಲ. ತಿರುವು ತಿರುವಿಗೆ ಹಾರನ್ ಹೊಡೆದುಕೊಂಡು, ಎರಡೂ ಕನ್ನಡಿ ನೋಡಿಕೊಂಡು, ಮೂವತ್ತರ ಮೇಲೆ ಹೋಗದೆ, ಹಿಂದಿನವರಿಂದ ಬೈಸಿಕೊಂಡು ಹೋದೆ. ಮಂಜು ಬಿಟ್ಟಾಗ ಆಲೂರು ಹ್ಯಾಂಡ್‌ಪೋಸ್ಟ್ ಹಿಂದೆ ಉಳಿದಿತ್ತು. ಅಲ್ಲಿಂದ ವಾಪಸ್ ಬರಬಹುದಿತ್ತು. ಬರಲಿಲ್ಲ.

ಡಯಾಲಿಸಿಸ್ ವಾರ್ಡಿನ ಗೇಟಿನ ಮುಂದೆ ವ್ಯಾನ್ ನಿಲ್ಲಿಸಿದೆ. ಸರಪಳಿಯ ಹತ್ತಿರ ಕುಳಿತಿದ್ದ ಗಾರ್ಡು ಎದ್ದು ಬಂದು ನನ್ನ ಕಿಟಕಿಯ ಹತ್ತಿರ ನಿಂತ. ಹೊಸಬ, ನನ್ನನ್ನೂ ಕಂಡವನಲ್ಲ, ಭಾಯಿಯನ್ನೂ ಕಂಡವನಿರಲಿಕ್ಕಿಲ್ಲ.

“ಪೇಷೆಂಟ್ ಎಲ್ರೀ?”

“ಲೇಟಾಗಿ ಬಂದೆ,” ಎಂದೆ.

“ಎಲ್ಲಿ ಲೇಟು? ಇನ್ನೂ ಎಂಟಾಗಿಲ್ಲ ಕಣ್ರೀ, ಮೆಷಿನ್ ಖಾಲಿ ಐತೆ. ಗಾಬರಿ ಮಾಡ್ಕೋಬೇಡಿ, ನಿಧಾನಕ್ಕೆ ಇಳಿಸ್ಕೊಳಾಣ,” ಎಂದು ಅವನು ಸರಪಳಿ ಬಿಚ್ಚಿದ. ಒಳಗಿನಿಂದ ಗಾಲಿ ಕುರ್ಚಿ ತಳ್ಳಿಕೊಂಡು ಬಂದು, ಭಾಯಿ ಕೂರುತ್ತಿದ್ದ ಎಡಗಡೆಯ ಬಾಗಿಲು ತೆಗೆದ.